ಸೋಮವಾರದ ಟ್ರೇ

ನಾಲತವಾಡದ ನಮ್ಮ ಮನೆಯ ಮಾಳಿಗೆಯ ಮೇಲೆ ಎರಡು ಕೋಣೆ ಬಾಡಿಗೆಗೆ ಕೊಟ್ಟಿದ್ದೇವೆ. ಈಗ ಅಲ್ಲಿರುವಾಕೆ ಹೊಸದಾಗಿ ನೌಕರಿಗೆ ಸೇರಿದ ನರ್ಸ್. ಹತ್ತಿರದ ಹಳ್ಳಿಯೊಂದರ ಆರೋಗ್ಯ ಕೇಂದ್ರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ನಾನೂ ಅದೇ ಕೆಲಸ ಮಾಡಿ ನಿವೃತ್ತಳಾದವಳು ಎಂದು ತಿಳಿದ ಮೇಲೆ ಸಂಜೆ ಚಹಾದ ಹೊತ್ತಿಗೆ ಕೆಳಗಿಳಿದು ಬಂದು ಕೂರುವುದು ರೂಢಿಯಾಗಿದೆ. ಹೋದ ಶ್ರಾವಣದಲ್ಲಿ ಒಂದು ಸಂಜೆ ಬಂದವಳು ಚಹಾ ಆರುವ ತನಕ ಮೊಬೈಲಿನಲ್ಲಿ ಏನೋ ತುಂಬುತ್ತ ಕೂತಳು. ಕೇಳಿದರೆ ಹಾವು ಕಡಿದ ಪ್ರಕರಣದ ಮಾಹಿತಿ ಎಂದಳು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದವುಗಳ ಪಟ್ಟಿಗೆ ಸೇರಿಸಿತು. ಸರಕಾರಿ ದವಾಖಾನೆ ಇರಲಿ, ಖಾಸಗಿ ಇರಲಿ, ಹಾವು ಕಡಿದವರು ಬಂದರೆ ಈಗ ಲೆಕ್ಕ ಕೊಡಲೇಬೇಕು.

ಫೋನು ಕೆಳಗಿಟ್ಟು ಆಕೆ ಕೇಳಿದಳು: “ಅಕ್ಕಾರ, ರಕ್ತ ಹೆಪ್ಪುಗಟ್ಟೂದು ನೋಡಾಕ ಗಾಜಿನ ಟ್ಯೂಬ್ ಇಲ್ರಿ ನಮ್ಮಲ್ಲಿ. ಪ್ಲಾಸ್ಟಿಕ್ಕಿಂದು ನಡೀತೈತೇನ್ರಿ?”

“ನಡಿಯೂದಿಲ್ಲವ್ವ” ಎಂದೆ. “ಗಾಜಿಂದ ಬೇಕು. ಅದೂ ಸಾಬಾಣದಾಗ ತೊಳದದ್ದು ಇರಬಾರದು.”

ಯಾಕೆ ಎಂದಳು. ಮಂಡಲದ ಹಾವು ಕಡಿದವರ ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ. ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ ಗಾಜಿನ ನಳಿಕೆಗೆ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಒಮ್ಮೆ ಬಾಗಿಸಿ ನೋಡಬೇಕು. ಹೆಪ್ಪಾಗದೆ ಹರಿದರೆ ವಿಷ ಏರಿದೆ ಎಂದು ಲೆಕ್ಕ. ಗಾಜು ತಾಗಿದ ರಕ್ತ ತಾನಾಗಿ ಹೆಪ್ಪುಗಟ್ಟಲು ತೊಡಗುತ್ತದೆ, ಪ್ಲಾಸ್ಟಿಕ್ಕಿಗೆ ಆ ಗುಣ ಇಲ್ಲ. ಸಾಬೂನಿನ ಪಸೆ ಉಳಿದ ಗಾಜಿಗೂ ಇಲ್ಲ. ಆಗ ಆರೋಗ್ಯವಂತರ ರಕ್ತವೂ ನೀರಿನ ಹಾಗೆ ಹರಿದು ನಮ್ಮನ್ನು ದಾರಿ ತಪ್ಪಿಸುತ್ತದೆ. ಇಷ್ಟನ್ನೂ ಹುಡುಗಿಗೆ ಹೇಳಿದೆ. ಹೇಳುವಾಗ ನನ್ನ ಬಾಯಲ್ಲಿ ಇನ್ನೊಬ್ಬರ ದನಿ ಇತ್ತು. ನಾನು ಹುಡುಗಿಯಾಗಿದ್ದಾಗ ಒಬ್ಬ ದೊಡ್ಡ ಸಿಸ್ಟರ್ ನನ್ನ ಕೈಯಿಂದ ಟ್ಯೂಬು ಕಿತ್ತುಕೊಂಡು ಬೆಳಕಿಗೆ ಹಿಡಿದು ಇದೇ ಮಾತು ಹೇಳಿದ್ದರು.

ಬಿಜಾಪುರದಲ್ಲಿ ತರಬೇತಿ ಮುಗಿಸಿ ನಾನು ಮೊದಲು ಸೇರಿದ್ದು ಕೃಷ್ಣೆಯ ದಂಡೆಯ ಒಂದು ಸಣ್ಣ ದವಾಖಾನೆಗೆ. ಊರಿನ ಹೆಸರು ಬೇಡ. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿದಿತ್ತು. ಹಿನ್ನೀರು ನಿಂತು, ನದಿ ತೀರದ ಊರುಗಳು ಎತ್ತರಕ್ಕೆ ಸರಿದು, ಹೊಸ ಪ್ಲಾಟುಗಳಲ್ಲಿ ಜನ ಇನ್ನೂ ಗೋಡೆ ಎಬ್ಬಿಸುತ್ತಿದ್ದ ಕಾಲ. ಎರಿ ಹೊಲ, ಜೋಳ, ತೊಗರಿ, ಶೇಂಗಾ. ಮಳೆ ಬಿದ್ದರೆ ಚಕ್ಕಡಿಯ ಗಾಲಿ ಗುಂಬದವರೆಗೆ ಹುಗಿಯುವ ಹಾದಿ. ಬ್ಯಾಸಗಿಯಲ್ಲಿ ಅರ್ಧ ಊರು ಗುಳೆ ಹೋಗಿ ಖಾಲಿ. ದವಾಖಾನೆಗೆ ಮೂರು ಕೋಣೆ, ಒಂದು ವರಾಂಡ, ಹಿಂದೆ ಬೇವಿನ ಮರದ ಕೆಳಗೆ ಒಂದು ಹಳೆ ಜೀಪು. ಜ್ವರ, ಭೇದಿ, ತುರಿ, ಬಾಣಂತನ, ಕುಟುಂಬ ಯೋಜನೆಯ ಗುರಿ ಮುಟ್ಟಿಸುವ ಓಡಾಟ. ವರ್ಷವಿಡೀ ಇದೇ ಕೆಲಸ.

ನನ್ನ ಕೈಯಿಂದ ಟ್ಯೂಬು ಕಿತ್ತುಕೊಂಡ ಆ ಸಿಸ್ಟರ್ ಇದ್ದದ್ದು ಅಲ್ಲೇ. ಮಂಗಳೂರು ಕಡೆಯವರು. ನಮ್ಮ ಸೀಮೆಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವರ ಕನ್ನಡ ಬದಲಾಗಿರಲಿಲ್ಲ. ತೆಳ್ಳಗಿನ ಮೈ, ಗಂಜಿ ಹಾಕಿದ ಬಿಳಿ ಸೀರೆ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಪ್ರತಿ ಸೋಮವಾರ ಹೊರರೋಗಿಗಳ ಸಾಲು ಕರಗಿದ ಮೇಲೆ, ಊಟಕ್ಕೆ ಮುಂಚೆ, ಗೋಡೆಯ ಕಪಾಟಿನಿಂದ ಒಂದು ಸ್ಟೀಲಿನ ಟ್ರೇ ಇಳಿಸುತ್ತಿದ್ದರು. ಮೇಲೆ ಕೆಂಪು ಬಟ್ಟೆ ಮುಚ್ಚಿರುತ್ತಿತ್ತು. ನನ್ನ ಕೈಯಲ್ಲಿ ಒಂದು ವಹಿ ಕೊಟ್ಟು ಒಂದೊಂದಾಗಿ ಹೆಸರು ಹೇಳಿ ಕೇಳುತ್ತಿದ್ದರು. ನಾನು ಇದೆ ಎಂದರೆ ಸಾಲದು, ವಸ್ತುವನ್ನು ಕೈಯಲ್ಲಿ ಎತ್ತಿ ತೋರಿಸಬೇಕು.

“ಎಡ್ರಿನಲಿನ್?”

“ಐತ್ರಿ.”

“ಐತಿ ಅಂತ ಬೇಡ ಮಾರಾಯ್ತಿ, ತೆಗೆದು ನೋಡು. ಬಣ್ಣ ಎಂತ ಉಂಟು?”

ಎಡ್ರಿನಲಿನ್ ಹಳೆಯದಾದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕಿಟಕಿಯ ಬೆಳಕಿಗೆ ಹಿಡಿದು ತಿಳಿ ನೀರಿನ ಹಾಗಿದೆಯೇ ಎಂದು ನೋಡಿದ ಮೇಲೆಯೇ ವಹಿಯಲ್ಲಿ ಗುರುತು. ಆಮೇಲೆ ಎವಿಲ್, ಹೈಡ್ರೊಕಾರ್ಟಿಸೋನ್, ಎಟ್ರೊಪಿನ್, ನಿಯೊಸ್ಟಿಗ್ಮಿನ್. ಅವಧಿ ಮುಗಿಯುವ ತಿಂಗಳು ಓದಬೇಕು. ಕುದಿಸಿ ಬಟ್ಟೆಯಲ್ಲಿ ಸುತ್ತಿಟ್ಟ ಗಾಜಿನ ಸಿರಿಂಜಿನ ದಂಡ ಸಲೀಸಾಗಿ ಸರಿಯುತ್ತದೆಯೇ ನೋಡಬೇಕು. ಟಾರ್ಚಿನ ಸೆಲ್ ತೆಗೆದು ಮತ್ತೆ ಹಾಕಬೇಕು. ಆಕ್ಸಿಜನ್ ಸಿಲಿಂಡರಿನ ಚಾವಿ ಸಿಲಿಂಡರಿಗೇ ದಾರದಲ್ಲಿ ಕಟ್ಟಿತ್ತು. ಅದನ್ನು ಒಮ್ಮೆ ತಿರುಗಿಸಿ ಉಸ್ ಎನ್ನುವ ಸದ್ದು ಕೇಳಿ ಮುಚ್ಚಬೇಕು.

ಕಡೆಗೆ ಅಂಬು ಚೀಲ. ಉಸಿರು ನಿಂತವರಿಗೆ ಕೈಯಿಂದ ಒತ್ತಿ ಗಾಳಿ ಕೊಡುವ ರಬ್ಬರಿನ ಚೀಲ ಅದು. ನಮ್ಮ ಬಿಜಾಪುರದ ಬಿಸಿಲಿಗೆ ರಬ್ಬರು ಬೇಗ ಸಾಯುತ್ತದೆ. ಮೊದಲು ಅಂಟಂಟಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಸಿಸ್ಟರ್ ಚೀಲವನ್ನೂ ಅದರ ಮುಖವಾಡಗಳನ್ನೂ ಒರೆಸಿ, ಅಂಗೈಯಲ್ಲಿ ಬಿಳಿ ಪುಡಿ ಸುರಿದುಕೊಂಡು ನಯವಾಗಿ ಸವರುತ್ತಿದ್ದರು. ಮುಖವಾಡ ಮೂರು: ದೊಡ್ಡವರದು, ಮಕ್ಕಳದು, ಕೂಸಿನದು. ಒಳಗಿನ ಕವಾಟದ ತೆಳು ರಬ್ಬರು ಅಂಟಿಕೊಂಡಿದೆಯೋ ಎಂದು ತಮ್ಮ ಅಂಗೈಗೇ ಗಾಳಿ ಒತ್ತಿ ನೋಡುತ್ತಿದ್ದರು. ಮಕ್ಕಳ ಮುಖವಾಡವನ್ನು ಯಾರ ಮುಖಕ್ಕೂ ಇಟ್ಟದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆದರೂ ಅದಕ್ಕೆ ವಾರವಾರವೂ ಪುಡಿ.

ಹಾವಿನ ವಿಷಕ್ಕೆ ಕೊಡುವ ಔಷಧದ ಸೀಸೆಗಳು ಬೇರೆ ಡಬ್ಬಿಯಲ್ಲಿ ಇದ್ದವು. ಅದರ ಕಥೆಯನ್ನೂ ಸಿಸ್ಟರೇ ಹೇಳಿದ್ದು. ಹಾವಿನ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚಿ, ಅದರ ಮೈ ವಿಷಕ್ಕೆ ಎದುರು ನಿಂತ ಮೇಲೆ ಆ ರಕ್ತದ ಸಾರ ತೆಗೆದು, ಒಣಗಿಸಿ ಪುಡಿ ಮಾಡಿದ್ದು. ನಾಗರ, ಕಟ್ಟುಹಾವು, ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಔಷಧ. ಪುಡಿಯಾದ್ದರಿಂದ ಕರೆಂಟು ಇಲ್ಲದ ನಮ್ಮಂಥ ಕಡೆಯೂ ಕೆಡದೆ ಇರುತ್ತದೆ. ನೀರು ಬೆರೆಸಿದ ಮೇಲೆ ಕುಲುಕಬಾರದು, ನೊರೆ ಬರುತ್ತದೆ. ಎರಡೂ ಅಂಗೈ ನಡುವೆ ಇಟ್ಟು ಮೆಲ್ಲಗೆ ಹೊರಳಿಸಬೇಕು. ಅವಸರದಲ್ಲಿ ಕೈ ನಡುಗುವವರಿಗೆ ಇದು ಕಠಿಣ ಎಂದು ಅವರು ಖಾಲಿ ಸೀಸೆಗೆ ನೀರು ಹಾಕಿಕೊಟ್ಟು ನನ್ನಿಂದ ಹೊರಳಿಸಿ ರೂಢಿ ಮಾಡಿಸಿದ್ದರು. ಈ ಔಷಧಕ್ಕೆ ಬೇಕಾದ ವಿಷದ ಬಹುಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುತ್ತದೆ, 1978ರಲ್ಲಿ ಶುರುವಾದ ಸಂಘ ಅದು ಎಂದು ನಾನು ಓದಿ ತಿಳಿದದ್ದು ಬಹಳ ತಡವಾಗಿ. ಹಾವಿನ ಚರ್ಮದ ವ್ಯಾಪಾರಕ್ಕೆ ಕಾನೂನು ಕಡಿವಾಣ ಹಾಕಿದ ಮೇಲೆ ಕೆಲಸ ಕಳೆದುಕೊಂಡಿದ್ದ ಜನರ ಕೈಯೇ ನಮ್ಮ ಊರಿನ ಕಪಾಟಿನ ತನಕ ಚಾಚಿತ್ತು.

ಇಪ್ಪತ್ತೆರಡು ವರ್ಷದ ಹುಡುಗಿಗೆ ಸೋಮವಾರದ ಈ ಪೂಜೆ ಬೇಸರ ತರಿಸುತ್ತಿತ್ತು. ಹೊಟ್ಟೆ ಹಸಿದಿರುತ್ತಿತ್ತು. ತಿಂಗಳುಗಟ್ಟಲೆ ಹಾವಿನ ಕೇಸು ಇಲ್ಲ. ಬಂದರೂ ಕೇರೆಯೋ ನೀರುಹಾವೋ ಕಡಿದವರು. ಕಂಪೌಂಡರ್ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದ. ಮೊನ್ನೆ ನೋಡಿದ ಟ್ರೇಯನ್ನು ಇವತ್ತು ನೋಡಿದರೆ ಅದೇ ಇರುತ್ತದಲ್ಲ, ಇದರಲ್ಲಿ ಏನು ಸಿಗುತ್ತದೆ ಎನ್ನುವುದು ಅವನ ವಾದ. ಹೊಸ ಡಾಕ್ಟರರಿಗೂ ಹಾಗೇ ಅನ್ನಿಸುತ್ತಿತ್ತೆಂದು ಕಾಣುತ್ತದೆ. ಆದರೆ ಸಿಸ್ಟರ್ ಎದುರು ಯಾರೂ ಬಾಯಿ ತೆರೆಯುತ್ತಿರಲಿಲ್ಲ.

ಪಂಚಮಿ ಮುಗಿದು ಜೋಕಾಲಿ ಬಿಚ್ಚಿದ ವಾರ. ಬೆಳಗಿನ ಜಾವ ಒಂದು ಚಕ್ಕಡಿ ಬಂತು. ಹತ್ತು ವರ್ಷದ ಆಸುಪಾಸಿನ ಹುಡುಗ, ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ್ದ. ರಾತ್ರಿ ಗುಡಿಸಲಿನಲ್ಲಿ ನೆಲದ ಮೇಲೆ ಅವ್ವನ ಮಗ್ಗುಲಲ್ಲಿ ಮಲಗಿದವನು ಕೋಳಿ ಕೂಗುವ ಮುಂಚೆ ಎದ್ದು ಹೊಟ್ಟೆನೋವು ಎಂದಿದ್ದ, ಎರಡು ಸಲ ಕಾರಿಕೊಂಡಿದ್ದ. “ಹಬ್ಬದ ಉಂಡಿ ಹೆಚ್ಚಾಗ್ಯಾವ್ರಿ” ಎಂದಳು ತಾಯಿ. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಮೆತ್ತಗೇ ಇತ್ತು. ಮೈಮೇಲೆ ಎಲ್ಲಿಯೂ ಗಾಯ ಇಲ್ಲ, ಬಾವು ಇಲ್ಲ.

ಸಿಸ್ಟರ್ ಕಂದೀಲು ಎತ್ತಿ ಹುಡುಗನ ಮುಖದ ಮುಂದೆ ಹಿಡಿದರು. “ನನ್ನನ್ನು ನೋಡು ಮಗ, ಮೇಲೆ ನೋಡು” ಎಂದರು. ಹುಡುಗ ನೋಡಲು ಯತ್ನಿಸಿದ. ರೆಪ್ಪೆ ಅರ್ಧಕ್ಕೆ ಎದ್ದು ಮತ್ತೆ ಜಾರಿತು. ಹಣೆಯ ಚರ್ಮ ಸುಕ್ಕುಗಟ್ಟಿಸಿ ಕಣ್ಣು ತೆರೆಯಲು ಅವನು ಪಡುತ್ತಿದ್ದ ಪಾಡು ಈಗಲೂ ನನ್ನ ಕಣ್ಣಿಗೆ ಕಟ್ಟಿದೆ. ಸಿಸ್ಟರ್ ಟ್ರೇಯನ್ನು ಕಪಾಟಿನಿಂದ ಇಳಿಸಿ ಡಾಕ್ಟರರ ಮುಂದೆ ಇಟ್ಟರು. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಡಿಯುತ್ತದೆ, ನೋವಾಗುವುದಿಲ್ಲ, ಹಲ್ಲಿನ ಗುರುತೂ ಬಹಳ ಸಲ ಕಾಣುವುದಿಲ್ಲ, ಬೆಳಗಿಗೆ ಹೊಟ್ಟೆನೋವು ಬಂದು ಆಮೇಲೆ ರೆಪ್ಪೆ ಬೀಳುತ್ತದೆ ಎನ್ನುವುದು ನಮಗೆಲ್ಲ ಪುಸ್ತಕದಲ್ಲಿ ಓದಿದ್ದೇ. ಓದಿದ್ದು ಆ ಕತ್ತಲಲ್ಲಿ ನೆನಪಾದದ್ದು ಅವರೊಬ್ಬರಿಗೆ.

ಎಡ್ರಿನಲಿನ್ ಸಿರಿಂಜಿಗೆ ತುಂಬಿ ಪಕ್ಕದಲ್ಲಿ ಇಟ್ಟೆವು. ಕುದುರೆಯ ರಕ್ತದಿಂದ ಬಂದ ಔಷಧ ಕೆಲವರ ಮೈಗೆ ಒಗ್ಗದೆ ದದ್ದು ಎದ್ದು ರಕ್ತದೊತ್ತಡ ಕುಸಿದುಬಿಡುತ್ತದೆ. ಆಗ ಸಿರಿಂಜು ಹುಡುಕಲು ಸಮಯ ಇರುವುದಿಲ್ಲ. ನಾನು ಸೀಸೆಗಳನ್ನು ಅಂಗೈಯಲ್ಲಿ ಹೊರಳಿಸಿದೆ. ಸಲೈನಿನಲ್ಲಿ ಔಷಧ ಇಳಿಯುತ್ತಿದ್ದಂತೆಯೇ ಹುಡುಗನ ಕುತ್ತಿಗೆ ನಿಲ್ಲದಾಯಿತು, ಜೊಲ್ಲು ನುಂಗಲು ಬಾರದಾಯಿತು, ಉಸಿರು ಸಣ್ಣಗಾಯಿತು. ಕಟ್ಟುಹಾವಿನ ವಿಷ ನರದ ತುದಿಗೆ ಹಿಡಿದುಕೊಂಡ ಮೇಲೆ ಯಾವ ಔಷಧಕ್ಕೂ ಅದನ್ನು ಬಿಡಿಸಲು ಬರುವುದಿಲ್ಲ. ನರ ತಾನಾಗಿ ಚೇತರಿಸಿಕೊಳ್ಳುವ ತನಕ ಯಾರಾದರೂ ಅವನ ಬದಲಿಗೆ ಉಸಿರಾಡಿಸಬೇಕು.

ಮಕ್ಕಳ ಮುಖವಾಡ ಟ್ರೇಯಲ್ಲಿ ಇತ್ತು. ಬಿಳಿ ಪುಡಿ ಇನ್ನೂ ಅದರ ಅಂಚಿಗೆ ಇತ್ತು. ಸಿಸ್ಟರ್ ಅದನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಸಿಕ್ಕಿಸಿ ಅವನ ಗದ್ದ ಎತ್ತಿ ಹಿಡಿದರು. ಮೂಗು ಬಾಯಿ ಸರಿಯಾಗಿ ಮುಚ್ಚಿತು. ದೊಡ್ಡವರದ್ದಾಗಿದ್ದರೆ ಪಕ್ಕದಿಂದ ಗಾಳಿ ಸೋರುತ್ತಿತ್ತು.

ಬಿಜಾಪುರಕ್ಕೆ ಹೊರಟೆವು. ಜೀಪಿಗೆ ಡೀಸೆಲ್ ಎಷ್ಟಿದೆ ಎಂಬ ಬಗ್ಗೆ ಡ್ರೈವರನಿಗೂ ಕಂಪೌಂಡರನಿಗೂ ಜಗಳವಾಯಿತು. ಕಂಪೌಂಡರ್ ಸಾಲದು ಎಂದ. ಡ್ರೈವರ್ ಸೀಟಿನ ಕೆಳಗಿನ ಕ್ಯಾನು ಎತ್ತಿ ತೋರಿಸಿದ. ಅದೂ ಸಿಸ್ಟರ್ ಇಡಿಸಿದ್ದೇ. ಮುದ್ದೇಬಿಹಾಳ ದಾಟಿ ಬಸವನ ಬಾಗೇವಾಡಿಯ ಹಾದಿ ಹಿಡಿದಾಗ ಬೆಳಕು ಹರಿದಿತ್ತು. ಹಿಂದಿನ ಸೀಟಿನಲ್ಲಿ ನಾನು, ಕಂಪೌಂಡರ್, ತಾಯಿ. ತಾಯಿಯ ತೊಡೆಯ ಮೇಲೆ ಹುಡುಗನ ಸೊಂಟ, ನನ್ನ ತೊಡೆಯ ಮೇಲೆ ತಲೆ. ಹೊರಡುವ ಮುಂಚೆ ಸಿಸ್ಟರ್ ನನಗೆ ಹೇಳಿದ್ದು ಎರಡೇ ಮಾತು. ನೀನು ಉಸಿರು ತೆಗೆದುಕೊಂಡಾಗಲೆಲ್ಲ ಅವನಿಗೂ ಒಂದು ಕೊಡು, ಲೆಕ್ಕ ತಪ್ಪುವುದಿಲ್ಲ. ಇನ್ನೊಂದು, ಅವನಿಗೆ ಎಲ್ಲವೂ ಕೇಳಿಸುತ್ತದೆ, ಸತ್ತವರ ಎದುರು ಆಡುವ ಮಾತು ಆಡಬೇಡಿ.

ಇದು ನಿಜ. ಈ ವಿಷ ಸ್ನಾಯುಗಳನ್ನು ಕಟ್ಟಿಹಾಕುತ್ತದೆ, ಎಚ್ಚರವನ್ನು ಮುಟ್ಟುವುದಿಲ್ಲ. ಕಣ್ಣು ಮುಚ್ಚಿ, ಬೆರಳೂ ಅಲ್ಲಾಡದೆ, ಮುಟ್ಟಿದರೆ ಹೆಣದ ಹಾಗೆ ಇರುವ ಆ ಜೀವ ಒಳಗೆ ಎಲ್ಲವನ್ನೂ ಕೇಳುತ್ತಿರುತ್ತದೆ. ಈ ಸ್ಥಿತಿಯಲ್ಲಿ ಸತ್ತರೆಂದು ಕೈಬಿಟ್ಟವರು ಎಷ್ಟು ಮಂದಿಯೋ. ತಾಯಿಗೆ ಮಾತಾಡಿಸುತ್ತಲೇ ಇರು ಎಂದೆ. ಅವಳು ದಾರಿಯುದ್ದಕ್ಕೂ ಆಡಿನ ಮರಿಯ ಬಗ್ಗೆ, ಅಕ್ಕನ ಊರಿನ ಬಗ್ಗೆ, ನಾಲತವಾಡದ ವೀರೇಶ್ವರ ಶರಣರ ಜಾತ್ರೆಗೆ ಕರೆದುಕೊಂಡು ಹೋಗುತ್ತೇನೆ ಎನ್ನುವುದರ ಬಗ್ಗೆ ಮಾತಾಡಿದಳು. ನನ್ನ ಬೆರಳು ಸೋತಾಗ ಕಂಪೌಂಡರ್ ಒತ್ತಿದ. ಸೋಮವಾರದ ಟ್ರೇ ಕಂಡರೆ ಹುಬ್ಬು ಹಾರಿಸುತ್ತಿದ್ದ ಅದೇ ಮನುಷ್ಯ ಬಿಜಾಪುರ ಮುಟ್ಟುವ ತನಕ ಕಣ್ಣು ಪಿಳುಕಿಸದೆ ಮುಖವಾಡ ಹಿಡಿದ.

ದೊಡ್ಡ ದವಾಖಾನೆಯಲ್ಲೂ ಕೈಯಿಂದಲೇ ಪಾಳಿ ಹಚ್ಚಿ ಉಸಿರು ಕೊಟ್ಟರು. ಕೆಲವು ದಿನಗಳ ಮೇಲೆ ಹುಡುಗ ಬೆರಳು ಆಡಿಸಿದ, ಆಮೇಲೆ ಕಣ್ಣು ತೆರೆದ. ಊರಿಗೆ ಮರಳಿದವನು ದವಾಖಾನೆಗೆ ಬಂದು ವರಾಂಡದಲ್ಲಿ ಕೂತು ನಾಚುತ್ತ ಕೇಳಿದ ಮಾತು: “ಡೀಸೆಲ್ ಸಾಲ್ತೇನ್ರಿ?” ಅವನಿಗೆ ಎಲ್ಲವೂ ಕೇಳಿಸಿತ್ತು.

ಈ ಕಥೆಯನ್ನು ಹೇಳುವವರೆಲ್ಲ ಸಿಸ್ಟರನ್ನು ದೇವತೆ ಮಾಡುತ್ತಾರೆ. ನಾನೂ ಬಹಳ ವರ್ಷ ಹಾಗೇ ಹೇಳಿದೆ. ಈಗ ವಯಸ್ಸಾದ ಮೇಲೆ ಉಳಿದದ್ದನ್ನೂ ಹೇಳಬೇಕು ಅನ್ನಿಸುತ್ತದೆ. ಮಂತ್ರ ಹಾಕಿಸಿಕೊಂಡು ತಡವಾಗಿ ಬಂದವರನ್ನು ಅವರು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಗಂಡ ಹೆಣವಾಗಿ ಚಕ್ಕಡಿಯಲ್ಲಿದ್ದಾಗ ಅವನ ಹೆಂಡತಿಗೆ “ನೀವೇ ಕೊಂದಿರಿ” ಎಂದದ್ದನ್ನು ನಾನು ಕೇಳಿದ್ದೇನೆ. ಅಂದು ಅದು ನನಗೆ ಧೈರ್ಯದ ಮಾತಾಗಿ ಕಂಡಿತ್ತು. ಇಂದು ಅದು ಕ್ರೂರ ಅನ್ನಿಸುತ್ತದೆ, ತಪ್ಪು ತಿಳಿವಳಿಕೆಯೂ ಹೌದು. ಮಂತ್ರ ಹಾಕುವವನ ಮನೆ ಅದೇ ಓಣಿಯಲ್ಲಿ ಇತ್ತು. ನಡುರಾತ್ರಿ ಬಾಗಿಲು ಬಡಿದರೆ ಎದ್ದು ಬರುತ್ತಿದ್ದ. ಚೀಟಿ ಮಾಡಿಸಿ ಎನ್ನುತ್ತಿರಲಿಲ್ಲ, ಡಾಕ್ಟರು ಮೀಟಿಂಗಿಗೆ ಹೋಗಿದ್ದಾರೆ ಎನ್ನುತ್ತಿರಲಿಲ್ಲ. ವಿಷವಿಲ್ಲದ ಹಾವು ಕಡಿದವರು, ವಿಷದ ಹಾವು ಕಡಿದರೂ ಮೈಗೆ ವಿಷ ಸೇರದವರು ಬಹಳ. ಅವರೆಲ್ಲ ಅವನ ಕೈಯಲ್ಲಿ ಬದುಕಿದರು ಎಂದೇ ಊರು ನಂಬಿತ್ತು. ನಮ್ಮ ಟ್ರೇ ಎಷ್ಟೇ ಸಜ್ಜಾಗಿದ್ದರೂ ರಾತ್ರಿ ಹಾದಿ, ಬಂಡಿ, ರೊಕ್ಕ, ಭಯ ಇವನ್ನೆಲ್ಲ ದಾಟಿ ಬರಬೇಕಾದವರು ಅವರು. ಆ ದಾರಿಯ ತಯಾರಿ ಯಾರ ಕೆಲಸ ಎಂದು ಅಂದು ಯಾರೂ ಕೇಳಲಿಲ್ಲ. ಕರ್ನಾಟಕಕ್ಕೆ 108 ಅಂಬುಲೆನ್ಸು ಬಂದದ್ದು 2008ರ ನವೆಂಬರಿನಲ್ಲಿ.

ಟ್ರೇ ಸಜ್ಜಾಗಿದ್ದೂ ಸತ್ತವರಿದ್ದಾರೆ, ಅದನ್ನೂ ಮರೆಯಬಾರದು. ಮಂಡಲ ಕಡಿದು, ಮೂರು ದಿನ ಬೇವಿನ ಸೊಪ್ಪು ಕಟ್ಟಿಕೊಂಡು, ಮೂತ್ರ ನಿಂತ ಮೇಲೆ ಬಂದ ಕೂಲಿ ಹೆಣ್ಣುಮಗಳಿಗೆ ನಮ್ಮ ಯಾವ ಸೀಸೆಯೂ ಕೆಲಸಕ್ಕೆ ಬರಲಿಲ್ಲ.

ಮುಂದೆ ನನಗೆ ಬೇರೆ ತಾಲೂಕಿಗೆ ವರ್ಗವಾಯಿತು. ಅದು ದೊಡ್ಡ ದವಾಖಾನೆ, ಕೆಲಸಗಾರರೂ ಹೆಚ್ಚು. ಅಲ್ಲಿಯೂ ಒಂದು ಎಮರ್ಜೆನ್ಸಿ ಟ್ರೇ ಇತ್ತು, ಅದರ ಮೇಲೆ ಪಟ್ಟಿ ಅಂಟಿಸಿತ್ತು. ಆದರೆ ಟ್ರೇ ಹೇಗೆ ಖಾಲಿಯಾಗುತ್ತದೆ ಎನ್ನುವುದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ. ಅಲ್ಲಿ ಯಾರೂ ಸೋಮಾರಿಗಳಿರಲಿಲ್ಲ. ಟಾರ್ಚನ್ನು ಪೋಲಿಯೊ ಕಾರ್ಯಕ್ರಮದವರು ಒಯ್ದರು, ಹಳ್ಳಿಗೆ ರಾತ್ರಿ ಹೋಗಬೇಕಿತ್ತು. ಅಂಬು ಚೀಲವನ್ನು ಹೆರಿಗೆ ಕೋಣೆಯವರು ಒಯ್ದರು, ಅಳದ ಕೂಸಿಗೆ ಬೇಕಾಗಿತ್ತು. ಎಡ್ರಿನಲಿನ್ ಶಸ್ತ್ರಚಿಕಿತ್ಸೆಯ ಶಿಬಿರಕ್ಕೆ ಹೋಯಿತು. ಪ್ರತಿಯೊಂದು ವಸ್ತುವೂ ಇನ್ನೊಂದು ಒಳ್ಳೆಯ ಕೆಲಸಕ್ಕೇ ಹೋಗಿತ್ತು. ನಿನ್ನೆ ಹಾವು ಕಡಿದವರು ಬಂದಿರಲಿಲ್ಲ, ಇವತ್ತೂ ಬರಲಿಲ್ಲ, ಹಾಗಾಗಿ ಒಯ್ದದ್ದು ಮರಳಿ ಬಂತೋ ಎಂದು ಯಾರೂ ನೋಡಲಿಲ್ಲ. ಪಟ್ಟಿಯ ಮೇಲೆ ಸಹಿ ಮಾತ್ರ ತಿಂಗಳು ತಿಂಗಳು ಬೀಳುತ್ತಿತ್ತು.

ಹೊಲದ ಪಂಪಿಗೆ ಕರೆಂಟು ಬಹಳ ಸಲ ರಾತ್ರಿ ಪಾಳಿಯಲ್ಲಿ ಬರುತ್ತದೆ. ನಮ್ಮ ರೈತ ಕತ್ತಲಲ್ಲಿ ಬರಿಗಾಲಲ್ಲಿ ಬದು ತುಳಿದು ಮೋಟಾರು ಹಚ್ಚಲು ಹೋಗುತ್ತಾನೆ, ಇಲಿಯ ಬೆನ್ನು ಹತ್ತಿದ ಹಾವೂ ಅದೇ ಬದುವಿನಲ್ಲಿ ಇರುತ್ತದೆ. ನಾಗರ ಕಡಿದ ಅಂಥ ಒಬ್ಬನನ್ನು ಆ ದವಾಖಾನೆಗೆ ಕರೆತಂದರು. ಔಷಧದ ಕಪಾಟಿನ ಬೀಗದ ಕೈ ರಜೆ ಮೇಲಿದ್ದ ನೌಕರನ ಮನೆಯಲ್ಲಿತ್ತು. ಚೀಲ ಸಿಕ್ಕಿತು, ಕವಾಟದ ರಬ್ಬರು ಅಂಟಿಕೊಂಡಿತ್ತು. ಬೀಗ ಒಡೆದು, ಬಾಯಿಗೆ ಬಾಯಿ ಇಟ್ಟು ಉಸಿರು ಕೊಟ್ಟು, ಮಾಡಬಹುದಾದದ್ದನ್ನೆಲ್ಲ ಮಾಡಿದೆವು. ದಾರಿಯಲ್ಲಿ ತೀರಿಕೊಂಡ. ಎಲ್ಲ ಸರಿ ಇದ್ದಿದ್ದರೆ ಬದುಕುತ್ತಿದ್ದನೇ ಎಂದು ಖಚಿತವಾಗಿ ಹೇಳಲು ನನಗೆ ಬರುವುದಿಲ್ಲ. ಅವನ ಹೆಂಡತಿ ಹಾಗೆ ಕೇಳಿದಾಗ ಅಲ್ಲಿದ್ದ ಯಾರಿಗೂ ಉತ್ತರ ಕೊಡಲು ಆಗಲಿಲ್ಲ.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ವರ್ಷಕ್ಕೆ 58 ಸಾವಿರ. ಹೆಚ್ಚಿನವರು ಹಳ್ಳಿಯವರು, ಸತ್ತದ್ದು ಮಳೆಗಾಲದಲ್ಲಿ. ಇಡೀ ದೇಶಕ್ಕೆ ಇಷ್ಟು ದೊಡ್ಡದಾಗಿ ಕಾಣುವ ಸಂಖ್ಯೆ ಒಂದು ಸಣ್ಣ ದವಾಖಾನೆಗೆ ಬರುವ ಹೊತ್ತಿಗೆ ಅಪರೂಪದ ಒಂದು ರಾತ್ರಿಯಾಗಿಬಿಡುತ್ತದೆ. ಅಲ್ಲಿಯ ನರ್ಸು ತನ್ನ ಇಡೀ ನೌಕರಿಯಲ್ಲಿ ಕಟ್ಟುಹಾವಿನ ಕೇಸು ಬೆರಳೆಣಿಕೆಯಷ್ಟು ನೋಡಬಹುದು. ಅಷ್ಟಕ್ಕಾಗಿ ಸಾವಿರಾರು ದಿನ ರಬ್ಬರಿಗೆ ಪುಡಿ ಹಚ್ಚಬೇಕು. ಇದು ಮನುಷ್ಯ ಸ್ವಭಾವಕ್ಕೆ ಒಗ್ಗುವ ಕೆಲಸವಲ್ಲ, ಆದ್ದರಿಂದಲೇ ಅದನ್ನು ಯಾರದೋ ಒಳ್ಳೆಯತನಕ್ಕೆ ಬಿಡಬಾರದು ಎಂದು ನಾನು ವಾದಿಸುತ್ತೇನೆ.

ಕೃಷ್ಣಾ ಕೊಳ್ಳದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಬಿ ನಿಂತ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿ ಹೋದಾಗ ನಾವೆಲ್ಲ ಟಿವಿ ಮುಂದೆ ಕೂತಿದ್ದೆವು. 33 ಗೇಟುಗಳ ಆ ಅಣೆಕಟ್ಟೆಯಲ್ಲಿ ಗೇಟು ಹೋದರೆ ತಡೆಯಾಗಿ ಇಳಿಸುವ ಸ್ಟಾಪ್‌ಲಾಗ್ ಸಿದ್ಧ ಇರಲಿಲ್ಲ. ನೀರು ಹರಿದು ಹೋಗುತ್ತಿರುವಾಗಲೇ ಉಕ್ಕಿನ ತುಂಡುಗಳನ್ನು ತಯಾರಿಸಿ ತಂದು, ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದೊಂದಾಗಿ ಇಳಿಸಿ, ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಹಗಲು ರಾತ್ರಿ ಆ ಪ್ರವಾಹದ ಬಾಯಲ್ಲಿ ನಿಂತು ಕೆಲಸ ಮಾಡಿದವರಿಗೆ ನಾಡು ಕೈಮುಗಿಯಿತು. ಮುಗಿಯಬೇಕಾದ್ದೇ. ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮದೇ ಜಿಲ್ಲೆಯ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಕೊಳವೆ ಬಾವಿಗೆ ಬಿದ್ದ ಪುಟ್ಟ ಕೂಸನ್ನು ಸುಮಾರು 20 ತಾಸು ಅಗೆದು ಜೀವಂತ ಮೇಲೆತ್ತಿದಾಗಲೂ ಊರಿಗೆ ಊರೇ ಅತ್ತಿತು, ನಾನೂ ಅತ್ತೆ. ಆದರೆ ಕೊರೆದ ದಿನವೇ ಬಾವಿಯ ಬಾಯಿಗೆ ಮುಚ್ಚಳ ಬಿಗಿದವನ ಹೆಸರು, ಚೈನಿನ ಕೊಂಡಿಯನ್ನು ಬೇಸಿಗೆಯಲ್ಲಿ ಮುಟ್ಟಿ ನೋಡಿದವನ ಹೆಸರು ಯಾವ ಪೇಪರಿನಲ್ಲೂ ಬರುವುದಿಲ್ಲ. ಏನೂ ಆಗದಿರುವುದೇ ಅವರ ಕೆಲಸದ ಫಲ.

ಮಾಳಿಗೆ ಮೇಲಿನ ಹುಡುಗಿಯ ಕಾಲ ನಮ್ಮದಕ್ಕಿಂತ ಮೇಲು. ಅವಳ ಗೋಡೆಯ ಮೇಲೆ ಚಿಕಿತ್ಸೆಯ ಕ್ರಮ ಅಚ್ಚಾಗಿ ತೂಗುತ್ತಿದೆ. ಹಾವಿನ ಔಷಧ ಮೈಗೆ ಒಗ್ಗುತ್ತದೆಯೇ ಎಂದು ನಾವು ಚರ್ಮಕ್ಕೆ ಚುಚ್ಚಿ ಕಾಯುತ್ತಿದ್ದ ಪರೀಕ್ಷೆಯನ್ನು ಉಪಯೋಗವಿಲ್ಲವೆಂದು ಕೈಬಿಟ್ಟಿದ್ದಾರೆ, ಕಾಯುತ್ತಿದ್ದ ಆ ಹೊತ್ತು ಉಳಿಯಿತು. ಸಿರಿಂಜು ಕುದಿಸುವ ಹಂಗಿಲ್ಲ. ಫೋನು ಮಾಡಿದರೆ ತಜ್ಞರು ಸಿಗುತ್ತಾರೆ. 2030ರ ಒಳಗೆ ಹಾವಿನ ಕಡಿತದ ಸಾವುಗಳನ್ನು ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಯೋಜನೆಯೂ 2024ರಲ್ಲಿ ಬಂದಿದೆ. ಇಷ್ಟಿದ್ದೂ ಗಾಜಿನ ಒಂದು ಟ್ಯೂಬು ಇಲ್ಲ. ಬೇಕಾದ ಸಾಮಾನು ಕೇಳುವ ಇಂಡೆಂಟಿನಲ್ಲಿ ಬರೆಯಬಾರದೇ ಎಂದೆ. ಬರೆದರೆ, ಹೋದ ವರ್ಷ ಎಷ್ಟು ಬಳಸಿದಿರಿ ಎಂದು ಕೇಳುತ್ತಾರಂತೆ.

ಆ ಪ್ರಶ್ನೆ ಕೇಳಿ ನನಗೆ ಸಿಟ್ಟು ನೆತ್ತಿಗೇರಿತು, ಏಕೆಂದರೆ ಅದು ಹಳೆಯ ಪ್ರಶ್ನೆ. ನನಗೆ ವರ್ಗವಾಗುವ ಮುಂಚೆ, ಸಿಸ್ಟರ್ ನಿವೃತ್ತರಾಗುವ ಹಿಂದಿನ ವರ್ಷ, ಲೆಕ್ಕ ತಪಾಸಣೆಗೆ ಬಂದವರು ಹಾವಿನ ಔಷಧದ ವಹಿ ತೆರೆದರು. ಒಂದಷ್ಟು ಸೀಸೆಗಳು ಬಳಕೆಯಾಗದೆ ಅವಧಿ ಮೀರಿದ್ದವು. ಆ ಮಳೆಗಾಲ ವಿಷದ ಹಾವು ಕಡಿದವರು ಬಂದಿರಲಿಲ್ಲ, ಅಷ್ಟೇ. ಸರಕಾರಕ್ಕೆ ನಷ್ಟ, ಕಾರಣ ತಿಳಿಸಿ ಎಂದು ಕಾಗದ ಬಂತು. ಸಿಸ್ಟರ್ ರಾತ್ರಿ ಕೂತು ದುಂಡಗಿನ ಅಕ್ಷರದಲ್ಲಿ ಉತ್ತರ ಬರೆದರು, ನಾನೇ ನಕಲು ಮಾಡಿದೆ. ಇಂಥ ತಿಂಗಳು ಇಷ್ಟು ಸೀಸೆ ಇದ್ದವು, ಇಂಥ ದಿನ ಬಂದ ಹುಡುಗ ಆ ದಾಸ್ತಾನಿನಿಂದಲೇ ಬದುಕಿದ, ಉಳಿದವು ಮುಂದಿನವರಿಗಾಗಿ ಇದ್ದವು, ಮುಂದಿನವರು ಬಾರದಿದ್ದುದು ಸಂತೋಷದ ಸಂಗತಿ ಎಂದು. ಉತ್ತರ ಒಪ್ಪಿಗೆಯಾಗಲಿಲ್ಲ. ಸೀಸೆಗಳ ಬೆಲೆಯನ್ನು ಅವರ ಪಗಾರದಿಂದ ಕಂತಿನಲ್ಲಿ ಹಿಡಿದುಕೊಂಡರು.

ಸಜ್ಜಾಗಿ ಇಟ್ಟದ್ದಕ್ಕೆ ದಂಡ, ಖಾಲಿ ಇಟ್ಟವರಿಗೆ ಏನೂ ಇಲ್ಲ. ಇಂಥ ಲೆಕ್ಕ ಇರುವ ತನಕ ಯಾವ ಸ್ಟೋರಿನವನು ತಾನೇ ಮೈಮೇಲೆ ಎಳೆದುಕೊಂಡಾನು? ಅವಧಿ ಮುಗಿಯಲು ಬಂದ ಸೀಸೆಗಳನ್ನು ಕೇಸು ಹೆಚ್ಚು ಬರುವ ದೊಡ್ಡ ದವಾಖಾನೆಗೆ ಕೊಟ್ಟು ಅಲ್ಲಿಂದ ಹೊಸವನ್ನು ತರಿಸಿಕೊಳ್ಳುವ ಪದ್ಧತಿ ಎಲ್ಲ ಕಡೆ ಕಡ್ಡಾಯವಾದರೆ ಅರ್ಧ ನಷ್ಟ ತಪ್ಪುತ್ತದೆ. ಉಳಿದ ಅರ್ಧವನ್ನು ಸರಕಾರ ಖರ್ಚು ಎಂದೇ ಬರೆದುಕೊಳ್ಳಲಿ. ಹುಡುಗಿಗೆ ಇದನ್ನೇ ಹೇಳಿದೆ, ಮತ್ತೆ ಇಂಡೆಂಟ್ ಬರಿ, ಪ್ರತಿ ತಿಂಗಳೂ ಬರಿ, ನಕಲು ಇಟ್ಟುಕೋ ಎಂದೆ.

ಮೊದಲ ಕಂತು ಹಿಡಿದುಕೊಂಡ ತಿಂಗಳು ಸಿಸ್ಟರ್ ಪಗಾರದ ಕವರು ಎಣಿಸಿ ಪರ್ಸಿಗೆ ಹಾಕಿಕೊಂಡರು. ಅಂದು ಸೋಮವಾರವಾಗಿರಲಿಲ್ಲ. ಆದರೂ ನನ್ನನ್ನು ಕರೆದು ಇಂಡೆಂಟ್ ಪುಸ್ತಕ ತೆಗೆಸಿದರು. ಹಾವಿನ ಔಷಧದ ಸಾಲಿನಲ್ಲಿ ಎಷ್ಟು ಬರೆಯಲಿ ಎಂದು ಕೇಳಿದೆ.

“ಮೊದಲು ಎಷ್ಟು ಇತ್ತೋ ಅಷ್ಟೇ ಬರಿ” ಎಂದರು.